ನೀರಿನ ಮೇಲೆ ಬಿಚ್ಚಿದ ಗುಂಡಿ

ನಮ್ಮ ಊರಿನಲ್ಲಿ ಯಾರ ಮೈಬಿಸಿಯೂ ಅವರಿಗೆ ದಕ್ಕುವುದಿಲ್ಲ. ಎಷ್ಟು ದಪ್ಪದ ಉಣ್ಣೆ ತೊಟ್ಟರೂ ಅಷ್ಟೇ. ಅದನ್ನು ಮೊದಲು ಬೇರೊಬ್ಬರು ತೊಟ್ಟು ಬಿಚ್ಚಿ ಕೊಟ್ಟಿರದಿದ್ದರೆ ಅದು ಬರಿಯ ಬಟ್ಟೆ. ಹಾಗಾಗಿ ಬೆಳಿಗ್ಗೆ ಶಾಲೆಯ ಗೇಟಿನ ಬಳಿ ಮಕ್ಕಳು ಸ್ವೆಟರ್ ಅದಲುಬದಲು ಮಾಡಿಕೊಳ್ಳುತ್ತಾರೆ. ಮಧ್ಯಾಹ್ನ ಊಟದ ಗಂಟೆಗೆ ಮತ್ತೆ ಬದಲಾಯಿಸಿಕೊಳ್ಳುತ್ತಾರೆ, ಏಕೆಂದರೆ ಒಬ್ಬರ ಬಿಸಿ ತೀರುವಷ್ಟರಲ್ಲಿ ಬಟ್ಟೆ ಇನ್ನೊಬ್ಬರದನ್ನು ತುಂಬಿಕೊಂಡಿರುತ್ತದೆ. ಆಸ್ಪತ್ರೆಯಲ್ಲಿ ನರ್ಸುಗಳು ರೋಗಿಗಳ ಶಾಲು ಹೊದ್ದುಕೊಂಡೇ ಔಷಧಿ ಹಂಚುತ್ತಾರೆ. ಜಗಳವಾಡಿದ ಗಂಡ ಹೆಂಡತಿಯನ್ನು ಬೀದಿಯಲ್ಲೇ ಗುರುತಿಸಬಹುದು, ಇಬ್ಬರೂ ನಡುಗುತ್ತಿರುತ್ತಾರೆ. ಮದುವೆಯಾಗಿ ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರವನ್ನೆಲ್ಲ ನೆನೆದು, ಇದು ಹೇಗೆ ಸಾಧ್ಯ ಎಂದು ಯೋಚಿಸುತ್ತಾ ಜಗಲಿಯಲ್ಲಿ ನಡುಗುತ್ತಾ ನಿಂತಿದ್ದೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಬಂದು ತಮ್ಮ ಶಾಲನ್ನು ನನ್ನ ಹೆಗಲಿಗೆ ಹಾಕಿ, ನನ್ನದನ್ನು ತಾವು ಹೊದ್ದು ಹೋದರು. ಅಂದಿನಿಂದ ನಾನು ಆ ಯೋಚನೆಯನ್ನು ಬಿಟ್ಟೆ.

ನನ್ನ ಬಿಸಿ ಮಾತ್ರ ಯಾರಿಗೂ ಬೇಡ. ಹುಟ್ಟಿನಿಂದಲೇ ನನ್ನ ಕೈಕಾಲು ತಣ್ಣಗೆ. ನನ್ನ ಶಾಲು ಹೊದ್ದ ಮೊಮ್ಮಗಳು ಒಮ್ಮೆ, "ಅಜ್ಜಿ, ಇದು ಇನ್ನೂ ಒಣಗಲಿಲ್ಲ" ಎಂದಿದ್ದಳು. ಪಡೆಯುವುದು ಹೆಚ್ಚು, ಕೊಡುವುದು ಕಡಿಮೆ ಎಂಬ ಸಂಕೋಚದಲ್ಲೇ ನಾನು ಈ ಊರಿನಲ್ಲಿ ಮುದುಕಿಯಾದೆ.

ನಮ್ಮ ಕಡಲು ವರ್ಷವಿಡೀ ತಣ್ಣಗಿರುತ್ತದೆ. ಬಿದ್ದವರನ್ನು ಚಹಾ ಕುದಿಯುವುದರೊಳಗೆ ಎತ್ತದಿದ್ದರೆ ಮತ್ತೆ ಎತ್ತಿ ಉಪಯೋಗವಿಲ್ಲ ಎನ್ನುತ್ತಾರೆ. ಆದರೂ ನಮ್ಮ ಹೆಂಗಸರ ಕಯಾಕ್ ಕೂಟ ಬಹಳ ಹಳೆಯದು. ಸಪೂರವಾದ ಉದ್ದ ದೋಣಿ, ಎರಡೂ ತುದಿಗೆ ಅಲಗಿರುವ ಹುಟ್ಟು, ದೋಣಿಯ ಬಾಯಿಗೆ ನೀರು ಬೀಳದಂತೆ ಸೊಂಟದಿಂದ ಬಿಗಿದು ಮುಚ್ಚುವ ರಬ್ಬರಿನ ಲಂಗ, ಕೈಗವಸು, ತೇಲುವ ಜಾಕೆಟು. ಜಾಕೆಟಿನ ಒಳಗೆ ಕೋಟು. ಒಳಮೈ ಉಣ್ಣೆ, ಹೊರಮೈ ಮೇಣ ಹಚ್ಚಿದ ಬಟ್ಟೆ, ಗವಸು ತೊಟ್ಟ ಬೆರಳಿಗೂ ಸಿಗುವಂಥ ದೊಡ್ಡ ಗುಂಡಿಗಳು. ಕೋಟುಗಳನ್ನೆಲ್ಲ ಹೊಲಿದವರು ದರ್ಜಿ ಶೇಷಗಿರಿ.

ದೋಣಿಗೆ ಹೋಗುವ ಪ್ರತಿಯೊಬ್ಬಳಿಗೂ ದಡದಲ್ಲಿ ಒಬ್ಬರು ಕೋಟು ಕಾಯಿಸುವವರು ಇರಬೇಕು. ಅವರು ನಸುಕಿನಲ್ಲೇ ಎದ್ದು ಕೋಟು ತೊಟ್ಟು, ಒಲೆಯ ಮುಂದೆ ಕೂತು, ಹೊರಡುವ ಹೊತ್ತಿಗೆ ಬಿಚ್ಚಿ ಕೊಡುತ್ತಾರೆ. ಒಬ್ಬರು ಒಂದು ಬೆಳಿಗ್ಗೆ ಒಂದೇ ಕೋಟು ಕಾಯಿಸಬಲ್ಲರು. ಈ ವಿಷಯದಲ್ಲಿ ಎರಡು ಕಟ್ಟಳೆಗಳಿದ್ದವು. ಹುಟ್ಟು ಹಾಕುವವಳು ಕೋಟು ಕಾಯಿಸಬಾರದು, ತೋಳಿನ ಬಲ ಹೋಗುತ್ತದೆ ಎಂಬುದು ಒಂದು. ನೀರಿನ ಮೇಲೆ ಗುಂಡಿ ಬಿಚ್ಚಬಾರದು, ಅಲ್ಲಿ ಬಿಚ್ಚಿದ ಕೋಟಿನ ಬಿಸಿ ಕಡಲಿಗೇ ಹೋಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವಾಗ ಕೆಲವರು ನಗುತ್ತಿದ್ದರು. ಎರಡನೆಯದನ್ನು ಹೇಳುವಾಗ ಯಾರೂ ನಗುತ್ತಿರಲಿಲ್ಲ.

ನನ್ನ ಕೋಟು ಕಾಯಿಸುತ್ತಿದ್ದವಳು ಚಂದ್ರಭಾಗಿ, ಶೇಷಗಿರಿಯವರ ಹೆಂಡತಿ. ದುಂಡನೆಯ ಮೈ, ದೊಡ್ಡ ದನಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎಲ್ಲರಿಗೂ ಆಗುವಂತೆ ಅವಳಿಗೂ ಮೈಯೆಲ್ಲ ಕುದಿಯತೊಡಗಿತು. ಉಳಿದವರಿಗೆ ಅದು ನಿಂತಿತು, ಅವಳಿಗೆ ನಿಲ್ಲಲೇ ಇಲ್ಲ. "ನಾನು ಹೆಂಗಸಲ್ಲ ಯಮುನಕ್ಕ, ಹಂಡೆ ಒಲೆ" ಎನ್ನುತ್ತಿದ್ದಳು. ಅವಳು ಕಾಯಿಸಿದ ಕೋಟು ಸಂಜೆಯವರೆಗೂ ಆರುತ್ತಿರಲಿಲ್ಲ. ಅದರ ಜೇಬಿನಲ್ಲಿ ಯಾವಾಗಲೂ ಒಂದು ಶುಂಠಿ ಮಿಠಾಯಿ ಇರುತ್ತಿತ್ತು. ಗವಸಿನ ಕೈಯಿಂದ ಬಿಡಿಸಲು ಕಷ್ಟ ಎಂದು ಕಾಗದವನ್ನು ಅವಳೇ ಅರ್ಧ ಬಿಡಿಸಿ ಇಟ್ಟಿರುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ದೋಣಿ ಹತ್ತಿರಲಿಲ್ಲ.

ಕಳೆದ ಚಳಿಗಾಲದ ಆರಂಭದಲ್ಲಿ ಒಂದು ಸಂಜೆ ನಾನು ದೋಣಿ ಕವುಚಿ ಹಾಕಿ ಉಪ್ಪು ತೊಳೆಯುತ್ತಿದ್ದೆ. ಅವಳು ಬಕೆಟ್ಟಿನಲ್ಲಿ ಸಿಹಿನೀರು ತಂದುಕೊಡುತ್ತಾ, "ಈ ಸಲ ಕೊನೆಯ ಪಯಣಕ್ಕೆ ನಾನೂ ಬರ್ತೇನೆ" ಎಂದಳು.

"ಬಾ, ಬಾ" ಎಂದೆ, ತಮಾಷೆ ಎಂದುಕೊಂಡು.

"ಕುಶಾಲಲ್ಲ. ಬಿಳಿಗಲ್ಲಿಗೆ ನಾನು ಬರಬೇಕು. ಕಣ್ಣಿನ ನರ ಒಣಗ್ತಾ ಉಂಟಂತೆ ಯಮುನಕ್ಕ. ಬದಿಯದ್ದು ಈಗಲೇ ಕಾಣೂದಿಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದ್ದು ಮಾತ್ರ ಕಾಣ್ತದೆ. ಬರುವ ವರ್ಷಕ್ಕೆ ಅದೂ ಇರ್ತದೋ ಇಲ್ವೋ ಅಂತ ಡಾಕ್ಟ್ರು ಹೇಳಿದ್ರು." ಬಕೆಟ್ಟು ಕೆಳಗಿಟ್ಟಳು. "ಇಡೀ ಆಯುಷ್ಯ ಕಡಲಿಗೆ ಬೆನ್ನು ಹಾಕಿ ಒಲೆ ನೋಡ್ತಾ ಕೂತೆ. ಒಂದು ಸಲ ಆ ಕಲ್ಲನ್ನು ಹತ್ತಿರದಿಂದ ನೋಡಬೇಕು ನನಗೆ."

ಬಿಳಿಗಲ್ಲು ನಮ್ಮ ದಡದಿಂದ ದೂರದಲ್ಲಿ, ಹಕ್ಕಿಗಳ ಹಿಕ್ಕೆಯಿಂದ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವ ದೊಡ್ಡ ಬಂಡೆದ್ವೀಪ. ಗಾಳಿ ತಿರುಗುವ ಮುನ್ನ, ವರ್ಷಕ್ಕೆ ಒಂದೇ ಸಲ ಕೂಟ ಅಲ್ಲಿಗೆ ಹೋಗಿ ಬರುತ್ತದೆ. ಕಾಯಿಸಿದ ಕೋಟಿನ ಬಿಸಿ ಅಷ್ಟಕ್ಕೆ ಸರಿಯಾಗಿ ಸಾಲುತ್ತದೆ. ಆಮೇಲೆ ದೋಣಿಗಳು ಮುಂದಿನ ವರ್ಷದವರೆಗೆ ಷೆಡ್ಡು ಸೇರುತ್ತವೆ.

ನನ್ನದು ಇಬ್ಬರು ಕೂರುವ ದೋಣಿ. ಮುಂದೆ ಕೂರುತ್ತಿದ್ದಾಕೆ ಊರು ಬಿಟ್ಟ ಮೇಲೆ ಆ ಜಾಗ ಖಾಲಿಯೇ ಇತ್ತು. ದೋಣಿ ಇದೆ, ಜಾಗ ಇದೆ. ತೊಡಕು ಕೋಟಿನದು, ಬಿಳಿಗಲ್ಲಿನವರೆಗೆ ಸಾಲುವಷ್ಟು ಬಿಸಿ ಇದ್ದವರೆಲ್ಲ ಆಗಲೇ ಒಬ್ಬೊಬ್ಬರ ಕೋಟಿಗೆ ನಿಂತಿದ್ದರು. ಶಾಲೆಯಲ್ಲಿ ಆಟ ಕಲಿಸುವ ಸುಗಂಧಿ ನಮ್ಮ ಕೂಟದ ಮುಂದಾಳು, ಕೊರಳಲ್ಲಿ ಸದಾ ಸೀಟಿ. ಅವಳು ಬೆರಳು ಮಡಚಿ ಹೇಳಿದಳು, "ಚಂದ್ರಭಾಗಿಯಕ್ಕ, ನಿಮ್ಮ ಯಜಮಾನ್ರು ನನ್ನ ಕೋಟು ಕಾಯಿಸೂದು. ಅವರು ನಿಮ್ಮದಕ್ಕೆ ಬಂದ್ರೆ ನಾನಿಲ್ಲ, ನಾನಿಲ್ದಿದ್ರೆ ಪಯಣ ಇಲ್ಲ. ನಿಮ್ಮದು ಯಾರು ಕಾಯಿಸೂದು? ಯಮುನಕ್ಕನದ್ದು ಯಾರು ಕಾಯಿಸೂದು?"

"ನಾನು ಯಮುನಕ್ಕನದ್ದು, ಯಮುನಕ್ಕ ನನ್ನದು" ಎಂದಳು ಚಂದ್ರಭಾಗಿ.

ಷೆಡ್ಡಿನಲ್ಲಿದ್ದವರೆಲ್ಲ ನನ್ನ ಕೈಗಳನ್ನು ನೋಡಿದರು. ಮೊದಲ ಕಟ್ಟಳೆ ಮುರಿದೀತು ಎಂಬುದಕ್ಕಿಂತ, ನನ್ನ ಬಿಸಿ ಎಷ್ಟು ದೂರ ಹೋದೀತು ಎಂಬುದೇ ಎಲ್ಲರ ಚಿಂತೆ. ಮೀನಿನ ಅಂಗಡಿಯ ಗುಲಾಬಿ ಮನಸ್ಸಿನಲ್ಲಿಟ್ಟುಕೊಳ್ಳುವವಳಲ್ಲ. "ಯಮುನಕ್ಕನ ಬಿಸಿಯಲ್ಲಿ ಬಿಳಿಗಲ್ಲಿಗಾ? ಅವರ ಕೈಗೆ ಬಂಗಡೆ ಕೊಟ್ರೆ ಐಸೇ ಬೇಡ ಮಾರಾಯ್ತಿ!"

"ನಿನ್ನ ಗಂಡನ ಹಾಗೆ ಜ್ವರದಲ್ಲಿ ಕಾಯಿಸ್ಬೇಕಾ?" ಎಂದಳು ಚಂದ್ರಭಾಗಿ. ಗುಲಾಬಿಯ ಗಂಡ ಒಮ್ಮೆ ಜ್ವರ ಮುಚ್ಚಿಟ್ಟು ಕೋಟು ಕಾಯಿಸಿ, ಅವಳು ಅರ್ಧ ದಾರಿಯಲ್ಲಿ ಬೆವರಿಳಿದು, "ಐಸ್ಕ್ಯಾಂಡಿ ಕೊಡಿ" ಎಂದು ಬಡಬಡಿಸಿದ್ದನ್ನು ಯಾರೂ ಮರೆತಿರಲಿಲ್ಲ. ಎಲ್ಲರೂ ನಕ್ಕರು. ಬೇಕರಿಯ ಓರಗಿತ್ತಿಯರಿಬ್ಬರೂ ನಕ್ಕರು, ಒಬ್ಬರನ್ನೊಬ್ಬರು ನೋಡದೆ. ನೆಲದ ಮೇಲೆ ಅವರಿಬ್ಬರಿಗೆ ಮಾತಿಲ್ಲ. ಒಂದೇ ದೋಣಿಯಲ್ಲಿ ಕೂತರೆ ಅವರಷ್ಟು ಹೊಂದಿಕೊಂಡು ಹುಟ್ಟು ಹಾಕುವವರಿಲ್ಲ.

ಸುಗಂಧಿ ಕೊನೆಗೆ ಒಪ್ಪಿದಳು. ಆದರೆ ಷರತ್ತು ಹಾಕಿದಳು. "ನಡುಗಲ್ಲಿನ ಹತ್ತಿರ ನಿಮ್ಮ ತುಟಿ ನೋಡ್ತೇನೆ ಚಂದ್ರಭಾಗಿಯಕ್ಕ. ನೀಲಿ ಆಗಿದ್ರೆ ವಾಪಸ್. ನೀವೊಬ್ರೇ ಅಲ್ಲ, ಎಲ್ರೂ ವಾಪಸ್. ಒಬ್ಬರನ್ನು ಬಿಟ್ಟು ಹೋಗುವ ಕೂಟ ನಮ್ಮದಲ್ಲ." ನಡುಗಲ್ಲು ಎಂದರೆ ಅರ್ಧ ದಾರಿಯಲ್ಲಿರುವ ಸಣ್ಣ ಬಂಡೆ.

ಆಮೇಲಿನ ವಾರಗಳಲ್ಲಿ ಚಂದ್ರಭಾಗಿ ಅಳಿವೆಯ ಆಳವಿಲ್ಲದ ನೀರಿನಲ್ಲಿ ಹುಟ್ಟು ಹಾಕಲು ಕಲಿತಳು. ದೋಣಿ ಮಗುಚಿದರೆ ಲಂಗದ ಪಟ್ಟಿ ಎಳೆದು ಹೊರಗೆ ಬರುವುದನ್ನೂ ಕಲಿತಳು. ಕೆಸರು ಮೆತ್ತಿದ ಮುಖದಲ್ಲಿ ಎದ್ದು ನಿಂತು, "ಇನ್ನೊಮ್ಮೆ ಕವುಚಿ ಹಾಕಿ" ಎನ್ನುತ್ತಿದ್ದಳು. ಶೇಷಗಿರಿಯವರು ಅವಳಿಗೊಂದು ಕೋಟು ಹೊಲಿದರು. ಗುಂಡಿಗಳಿಗೆ ಮಾತ್ರ ಹಳದಿ ಬಣ್ಣ ಹಚ್ಚಿದ್ದರು, ಅವಳ ಕಣ್ಣಿಗೆ ಬೇಗ ಸಿಗಲಿ ಎಂದು.

ನಾನು ಬಿಸಿಯಾಗಲು ಪಟ್ಟ ಪಾಡು ಒಂದೆರಡಲ್ಲ. ಮೆಣಸಿನ ಕಷಾಯ ಕುಡಿದೆ. ಎಳ್ಳೆಣ್ಣೆ ತಿಕ್ಕಿಕೊಂಡೆ. ಹೊರಡುವ ದಿನ ನಸುಕಿನಲ್ಲಿ ಅವಳ ಕೋಟು ತೊಟ್ಟು ಒಲೆಗೆ ಎಷ್ಟು ಹತ್ತಿರ ಕೂತೆನೆಂದರೆ ಸೀರೆಯ ಸೆರಗಿಗೆ ಕಿಡಿ ಹಾರಿತು. ಅವಳ ಅಳತೆಯ ಕೋಟಿನೊಳಗೆ ನನ್ನಂಥ ಇನ್ನೊಬ್ಬಳಿಗೂ ಜಾಗವಿತ್ತು. ಎದುರಿಗೆ ಚಂದ್ರಭಾಗಿ ನನ್ನ ಕೋಟಿನ ಗುಂಡಿ ಹಾಕಲಾಗದೆ ಹಾಗೇ ಹೊದ್ದು, ಬನ್ಸ್ ತಿನ್ನುತ್ತಾ ಬೆವರುತ್ತಾ ಕೂತಿದ್ದಳು. ಬದಲಾಯಿಸಿಕೊಂಡಾಗ ನನ್ನ ಬೆನ್ನಿಗೆ ಕಾದ ಮರಳಿನ ಶಾಖ ತಾಗಿತು. ಅವಳ ಮುಖ ನೋಡಿದೆ. "ಬೆಚ್ಚಗೆ ಉಂಟು, ಬೆಚ್ಚಗೆ ಉಂಟು" ಎಂದಳು, ಎರಡು ಸಲ. ಎರಡು ಸಲ ಹೇಳಿದ್ದರಿಂದಲೇ ನನಗೆ ಗೊತ್ತಾಯಿತು.

ಕಡಲು ಅಂದು ಬೂದು ಬಣ್ಣಕ್ಕಿತ್ತು, ದೊಡ್ಡ ಅಲೆಯಿಲ್ಲ, ಉದ್ದುದ್ದ ಉಬ್ಬುತಗ್ಗಿನ ಉಸಿರಾಟ ಮಾತ್ರ. ಸುಗಂಧಿ ಮುಂದೆ, ಗುಲಾಬಿ ಅವಳ ಎಡಕ್ಕೆ, ಓರಗಿತ್ತಿಯರು ಬಲಕ್ಕೆ, ನಾವಿಬ್ಬರು ಹಿಂದೆ. ದಡದಲ್ಲಿ ಕೋಟು ಕಾಯಿಸಿದವರು ಕೈಬೀಸುತ್ತಾ ನಿಂತಿದ್ದರು. ಚಂದ್ರಭಾಗಿ ಬದಿಯದು ಕಾಣದ್ದಕ್ಕೆ ಹಕ್ಕಿಯಂತೆ ಕತ್ತು ಹೊರಳಿಸಿ ಹೊರಳಿಸಿ ಎಲ್ಲವನ್ನೂ ನೋಡುತ್ತಿದ್ದಳು. "ನಮ್ಮ ಮನೆ ಅಷ್ಟು ಸಣ್ಣದಾ! ಅಲ್ಲಿ ಕೂತು ನಾನು ಅಷ್ಟು ದೊಡ್ಡ ಬಾಯಿ ಮಾಡೂದಾ!" ಗುಲಾಬಿ ಹಿಂದೆ ತಿರುಗಿ, "ಇಲ್ಲಿಗೂ ಕೇಳ್ತದೆ ಅದು" ಎಂದಳು. ಸ್ವಲ್ಪ ದೂರ ಹೋದ ಮೇಲೆ ಚಂದ್ರಭಾಗಿಯ ಮಾತು ಕಡಿಮೆಯಾಯಿತು. ಆಮೇಲೆ ನಿಂತಿತು. ಅವಳ ಹುಟ್ಟು ಮಾತ್ರ ನಿಲ್ಲಲಿಲ್ಲ. ನಾನು ಹಿಂದಿನಿಂದ ಅವಳ ಹೆಗಲು ನೋಡುತ್ತಿದ್ದೆ. ಅದು ಹುಟ್ಟಿನ ಲಯಕ್ಕಲ್ಲ, ಬೇರೆಯೇ ಒಂದು ಲಯಕ್ಕೆ ಅಲುಗುತ್ತಿತ್ತು. ಅವಳನ್ನು ಬೇಗ ಮುಟ್ಟಿಸಬೇಕೆಂದು ನಾನು ಇಬ್ಬರ ಪಾಲಿನ ಹುಟ್ಟನ್ನೂ ಹಾಕತೊಡಗಿದೆ. ಅಷ್ಟು ಜೋರಾಗಿ ನಾನು ಎಂದೂ ಹುಟ್ಟು ಹಾಕಿರಲಿಲ್ಲ.

ನಡುಗಲ್ಲಿನ ಮರೆಯಲ್ಲಿ ಸುಗಂಧಿ ಸೀಟಿ ಊದಿದಳು. ಚಾಪೆ ಹಾಕಿದೆವು, ಎಂದರೆ ದೋಣಿಗಳನ್ನು ಪಕ್ಕಕ್ಕೆ ಪಕ್ಕ ಒತ್ತಿ, ಹುಟ್ಟುಗಳನ್ನು ಅಡ್ಡ ಇಟ್ಟು, ಒಬ್ಬರು ಇನ್ನೊಬ್ಬರ ದೋಣಿಯ ಅಂಚು ಹಿಡಿದು ಕೂತೆವು. ಹಾಗೆ ಹಿಡಿದರೆ ಯಾವ ದೋಣಿಯೂ ಮಗುಚುವುದಿಲ್ಲ. ಸುಗಂಧಿ ಚಂದ್ರಭಾಗಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. ತುಟಿ ನೇರಳೆ ಹಣ್ಣು ತಿಂದಂತಿತ್ತು.

"ನಂದು ಹುಟ್ಟಿದ ಬಣ್ಣವೇ ಅದು" ಎಂದಳು ಚಂದ್ರಭಾಗಿ. ಹಲ್ಲು ಕಟಕಟ ಎನ್ನುತ್ತಿತ್ತು.

"ವಾಪಸ್" ಎಂದಳು ಸುಗಂಧಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸಹಿಸಬಹುದಿತ್ತು. ಗುಲಾಬಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, ಆರದಿರಲೆಂದು ಎರಡೂ ಕೈಯಿಂದ ಮುಚ್ಚಿ ಹಿಡಿದು ಕುಡಿಸಿದಳು. ಬಿಳಿಗಲ್ಲು ಮುಂದೆ ಮಂಜಿನಲ್ಲಿ ಬರಿಯ ಒಂದು ಮಸುಕು ಬಿಳುಪು. ಚಂದ್ರಭಾಗಿ ಅದನ್ನೇ ನೋಡುತ್ತಿದ್ದಳು. "ಇಷ್ಟು ಕಂಡಿತಲ್ಲ, ಸಾಕು ಬಿಡಿ" ಎಂದಳು. "ನನ್ನಿಂದ ನಿಮ್ಮ ಪಯಣ ಹಾಳಾಯ್ತು." ಅಷ್ಟು ದೊಡ್ಡ ಬಾಯಿಯ ಹೆಂಗಸು ಅಷ್ಟು ಸಣ್ಣದಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಯೋಚಿಸಿ ಮಾಡಲಿಲ್ಲ. ಚಳಿಯಲ್ಲಿ ನಡುಗುವವರು ಎದುರಿಗಿದ್ದರೆ ಯಾರಾದರೂ ಮಾಡುವುದನ್ನೇ ಮಾಡಿದೆ. ತೇಲುವ ಜಾಕೆಟಿನ ಪಟ್ಟಿ ಸಡಿಲಿಸಿ ತೆಗೆದು ತೊಡೆಯ ಮೇಲಿಟ್ಟು, ಕೋಟಿನ ಮೊದಲ ಗುಂಡಿ ಬಿಚ್ಚಿದೆ.

"ಅಯ್ಯೋ! ಯಮುನಕ್ಕ!" ಎಂದು ಗುಲಾಬಿ ಕಿರುಚಿದಳು. "ನೀರಿನ ಮೇಲೆ ಗುಂಡಿ!"

"ಮುಚ್ಚಿ, ಮುಚ್ಚಿ!" ಓರಗಿತ್ತಿಯರು ಒಟ್ಟಿಗೇ ಕೂಗಿದರು.

"ಹಿಡ್ಕೊಳ್ಳಿ ದೋಣಿ, ಬಿಡ್ಬೇಡಿ" ಎಂದೆ. ಎರಡನೆಯದು, ಮೂರನೆಯದು. ಗಾಳಿ ನನ್ನ ರವಿಕೆಯೊಳಗೆ ಚೂರಿಯಂತೆ ಇಳಿಯಿತು. ಕೋಟು ತೆಗೆದು ಮುಂದಕ್ಕೆ ಬಾಗಿ ಚಂದ್ರಭಾಗಿಯ ಬೆನ್ನಿನ ಮೇಲೆ ಹೊದಿಸಿದೆ. ಅವಳು ಮೈ ಬಿಗಿದು ಕೂತಳು. ಆಮೇಲೆ ಅವಳು ಮೆಲ್ಲಗೆ ತಿರುಗಿದಳು.

"ಇದು ಯಾರ ಬಿಸಿ?"

"ನೀನೇ ಕಾಯಿಸಿದ್ದಲ್ವಾ" ಎಂದಳು ಗುಲಾಬಿ.

"ನನ್ನದು ನನಗೆ ತಾಗ್ತದಾ ಹುಚ್ಚಿ? ಇದು ಉರೀತಾ ಉಂಟು! ಯಮುನಕ್ಕ, ಇದು ನಿಮ್ಮದು!"

ನಾನು ನನ್ನ ಅಂಗೈಗಳನ್ನು ನೋಡಿಕೊಂಡೆ. ಕೆಂಪಗಾಗಿದ್ದವು. ಒಲೆಯ ಮುಂದೆ ಕೂತಾಗ ಬಾರದ ಬಿಸಿ, ಕಷಾಯಕ್ಕೂ ಎಳ್ಳೆಣ್ಣೆಗೂ ಬಾರದ ಬಿಸಿ, ಹುಟ್ಟು ಹಾಕಿದ ತೋಳುಗಳಿಂದ ಬಂದು ಕೋಟು ತುಂಬಿತ್ತು. ಇಷ್ಟು ವರ್ಷ ನಾನು ಕಡಲಿನಿಂದ ಹಿಂತಿರುಗಿದೊಡನೆ ಕೋಟನ್ನು ನೇರ ಒಗೆಯಲು ಹಾಕುತ್ತಿದ್ದೆ. ನನ್ನದು ಯಾರಿಗೆ ಬೇಕು ಎಂದು. "ಮೊದಲು ನನ್ನದು ಹಾಕ್ಕೊಳ್ಳಿ, ಸಾಯ್ತೀರಿ" ಎಂದು ಚಂದ್ರಭಾಗಿ ತನ್ನ ಹಳದಿ ಗುಂಡಿಗಳನ್ನು ಪಟಪಟ ಬಿಚ್ಚಿದಳು. ಅವಳ ಕೋಟು ನನ್ನ ಮೇಲೆ ಬಿದ್ದಾಗ ನನಗೆ ನಗು ಬಂತು. ಅವಳು ಅದರೊಳಗೆ ಹೆಪ್ಪುಗಟ್ಟುತ್ತಾ ಕೂತಿದ್ದಾಗಲೂ ಆ ಹಂಡೆ ಒಲೆ ಅದನ್ನು ನನಗಾಗಿ ಕಾಯಿಸುತ್ತಲೇ ಇತ್ತು.

ಕಡಲು ಏನನ್ನೂ ತೆಗೆದುಕೊಂಡಿರಲಿಲ್ಲ. ಸುಗಂಧಿ ನೀರನ್ನು ನೋಡಿದಳು, ಚಂದ್ರಭಾಗಿಯ ತುಟಿಯನ್ನು ನೋಡಿದಳು. ಅಲ್ಲಿ ಬಣ್ಣ ಮರಳುತ್ತಿತ್ತು. ಆಮೇಲೆ ತನ್ನ ಕೋಟಿನ ಗುಂಡಿ ಬಿಚ್ಚಿ ಗುಲಾಬಿಯ ಕಡೆ ಚಾಚಿದಳು. "ಇದರಲ್ಲಿ ಮೀನು ವಾಸನೆ ಬಂದ್ರೆ ನನ್ನನ್ನು ಕೇಳ್ಬೇಡಿ" ಎನ್ನುತ್ತಾ ಗುಲಾಬಿ ತನ್ನದನ್ನು ಕೊಟ್ಟಳು. ಓರಗಿತ್ತಿಯರಲ್ಲಿ ಹಿರಿಯವಳು ಮುಂದೆ ಕೂತಿದ್ದಳು. ಅವಳು ಹಿಂದೆ ತಿರುಗದೆಯೇ ಕೋಟನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಹಿಡಿದಳು. ಕಿರಿಯವಳು ತೆಗೆದುಕೊಂಡು ತನ್ನದನ್ನು ಅವಳ ಬೆನ್ನಿಗೆ ಹೊದಿಸಿ, ಕಾಲರಿನೊಳಗೆ ಸಿಕ್ಕಿಕೊಂಡ ಅವಳ ಜಡೆಯನ್ನು ಮೆಲ್ಲಗೆ ಹೊರಗೆ ತೆಗೆದಳು.

"ಮುಂದಕ್ಕೆ" ಎಂದು ಸುಗಂಧಿ ಉದ್ದಕ್ಕೆ ಸೀಟಿ ಊದಿದಳು.

ಬಿಳಿಗಲ್ಲು ಹತ್ತಿರವಾದಂತೆ ಹಕ್ಕಿಗಳು ಎದ್ದವು; ಸಾವಿರಾರು, ಬಂಡೆಯೇ ಚೂರು ಚೂರಾಗಿ ಹಾರಿದಂತೆ. ಚಂದ್ರಭಾಗಿ ಹುಟ್ಟನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಬಾಯಿ ತೆರೆದು ಕೂತಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು, ಅಲೆಯ ಹನಿಯೇ ಇರಬಹುದು. ಬಂಡೆಯ ಬುಡಕ್ಕೆ ಹೋಗಿ ಅವಳು ಗವಸು ಕಳಚಿ ಬರಿಗೈಯಿಂದ ಕಲ್ಲನ್ನು ಮುಟ್ಟಿದಳು, ಹಸುವಿನ ಮೈ ತಟ್ಟುವಂತೆ ತಟ್ಟಿದಳು. "ಬಂದೆ ನೋಡು" ಎಂದಳು ಅದಕ್ಕೆ.

ಅಲ್ಲಿ ಅವಲಕ್ಕಿ ತಿಂದು ಹಿಂದಿರುಗುವುದು ವಾಡಿಕೆ. ಚಂದ್ರಭಾಗಿ ತಿನ್ನುತ್ತಾ ಕೇಳಿದಳು, "ಇದರ ಆಚೆ ಬದಿ ಹೇಗುಂಟು?"

ಯಾರಿಗೂ ಗೊತ್ತಿರಲಿಲ್ಲ. ಸುತ್ತಿ ಬರುವಷ್ಟು ಬಿಸಿ ಯಾರ ಕೋಟಿನಲ್ಲೂ ಎಂದೂ ಉಳಿದಿರಲಿಲ್ಲ. ಸುಗಂಧಿ ತನ್ನ ಮೈಮೇಲಿದ್ದ ಗುಲಾಬಿಯ ಕೋಟನ್ನು ಮುಟ್ಟಿ ನೋಡಿಕೊಂಡಳು. ಆಕಾಶ ನೋಡಿದಳು. "ಯಮುನಕ್ಕ, ನಿಮ್ಮ ದೋಣಿ ಮುಂದೆ ಹೋಗ್ಲಿ" ಎಂದಳು. ಆ ಕೂಟದಲ್ಲಿ ಸುಗಂಧಿಯ ಮುಂದೆ ಯಾರ ದೋಣಿಯೂ ಹೋಗಿದ್ದಿಲ್ಲ. ಹೊಸ ನೀರಿಗೆ ಮೊದಲು ಯಾರ ಕಣ್ಣು ಹೋಗಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಬಂಡೆಯ ಮೂಲೆ ತಿರುಗಿದಾಗ ಚಂದ್ರಭಾಗಿಯ ಹುಟ್ಟು ಗಾಳಿಯಲ್ಲೇ ನಿಂತಿತು. "ಕರಿ!" ಎಂದು ಕೂಗಿದಳು. "ಪೂರ್ತಿ ಕರಿ ಉಂಟು ಇದು, ಕರೀ ಕಲ್ಲು!" ನಿಜ. ನಾವು ತಲೆತಲಾಂತರದಿಂದ ಬಿಳಿಗಲ್ಲು ಎಂದು ಕರೆದದ್ದು ಆಚೆ ಬದಿಯಲ್ಲಿ ಎಣ್ಣೆ ಹಚ್ಚಿದ ಕಾವಲಿಯಂತೆ ಕಪ್ಪಗೆ ಹೊಳೆಯುತ್ತಿತ್ತು. ಅದರ ಬುಡದಲ್ಲಿ ಕೆಂಪು ಗೋಲಿಕಲ್ಲುಗಳ ಪುಟ್ಟ ದಂಡೆ. ದಂಡೆಯ ಮೇಲೆ ಹಿಂಡು ಹಿಂಡು ಸೀಲ್‌ಗಳು ಮಲಗಿದ್ದವು. ಒಂದು ತಲೆಯೆತ್ತಿ, ಮಧ್ಯಾಹ್ನದ ನಿದ್ದೆಯಲ್ಲಿ ಬಾಗಿಲು ಬಡಿದವರನ್ನು ನೋಡುವಂತೆ ನಮ್ಮನ್ನು ನೋಡಿ, ಆಕಳಿಸಿ, ಮತ್ತೆ ಮಲಗಿತು. ಚಂದ್ರಭಾಗಿ ಎಡಕ್ಕೆ ಬಲಕ್ಕೆ ಕತ್ತು ಹೊರಳಿಸುತ್ತಾ, ತನ್ನ ಕೊಳವೆಯಷ್ಟು ನೋಟದಿಂದ ಆ ದಂಡೆಯನ್ನು ತುದಿಯಿಂದ ತುದಿಗೆ, ಅಂಗಳ ಗುಡಿಸುವಷ್ಟು ನಿಧಾನವಾಗಿ ನೋಡಿ ಮುಗಿಸಿದಳು.

ಹಿಂದಿರುಗುವಾಗ ಬಿಳಿಗಲ್ಲಿನ ಮರೆಯಲ್ಲಿ ಒಮ್ಮೆ, ನಡುಗಲ್ಲಿನಲ್ಲಿ ಇನ್ನೊಮ್ಮೆ ಕೋಟು ಬದಲಾಯಿಸಿಕೊಂಡೆವು, ಈ ಸಲ ಹರಟೆ ಹೊಡೆಯುತ್ತಾ. ತಡವಾಗಿತ್ತು. ದಡದಲ್ಲಿ ಕೋಟು ಕಾಯಿಸಿದವರೆಲ್ಲ ಮೊಣಕಾಲುದ್ದ ನೀರಿಗಿಳಿದು ಕಾಯುತ್ತಿದ್ದರು. ಶೇಷಗಿರಿಯವರ ಮುಖದಲ್ಲಿ ರಕ್ತವಿರಲಿಲ್ಲ. ಹೆಂಡತಿಯ ಮೈಮೇಲೆ ನನ್ನ ಕೋಟು, ನನ್ನ ಮೈಮೇಲೆ ಅವಳದು ಕಂಡು ಅವರು ಇನ್ನೆರಡು ಹೆಜ್ಜೆ ಮುಂದೆ ಬಂದರು.

"ನೀರಿನ ಮೇಲೆ ಬಿಚ್ಚಿದ್ರಾ?" ಎಂದರು.

"ಬಿಚ್ಚಿದೆವು, ಹಾಕಿದೆವು, ಮತ್ತೆ ಬಿಚ್ಚಿದೆವು" ಎಂದಳು ಚಂದ್ರಭಾಗಿ, ಊರಿಗೆಲ್ಲ ಕೇಳುವ ತನ್ನ ದನಿಯಲ್ಲಿ. "ಇನ್ನು ಯಾರೂ ದಡದಲ್ಲಿ ಕೂರೂದು ಬೇಡ. ಆ ಕಲ್ಲು ಹಿಂದಿನಿಂದ ಕರಿ ಉಂಟು ಗೊತ್ತುಂಟಾ ನಿಮಗೆ?"

"ಕರಿಯಾ? ಇರ್ಲಿಕ್ಕಿಲ್ಲ."

"ನಾಳೆ ಬನ್ನಿ, ತೋರಿಸ್ತೇನೆ."

ಗಾಳಿ ಇನ್ನೂ ಒಂದು ದಿನ ತಡೆಯಿತು. ಮರುದಿನ ಬೆಳಿಗ್ಗೆ ಷೆಡ್ಡಿನಲ್ಲಿದ್ದ ಇಬ್ಬರು ಕೂರುವ ಹಳೆಯ ದೋಣಿಗಳೆಲ್ಲ ಹೊರಗೆ ಬಂದವು. ಕೂಟದವರು ಹಿಂದಿನ ಜಾಗಗಳಲ್ಲಿ ಕೂತು, ಕೋಟು ಕಾಯಿಸುತ್ತಿದ್ದವರನ್ನು ಮುಂದೆ ಕೂರಿಸಿಕೊಂಡರು. ಹುಟ್ಟು ಹಿಡಿಯುವುದು ಹೇಗೆಂದು ಸುಗಂಧಿ ಓಡಾಡಿ ಹೇಳಿಕೊಡುತ್ತಿದ್ದಳು. ನನ್ನ ತೋಳುಗಳು ಎತ್ತಲಾರದಷ್ಟು ನೋಯುತ್ತಿದ್ದವು, ಹಾಗಾಗಿ ನನ್ನ ದೋಣಿಯನ್ನು ಚಂದ್ರಭಾಗಿಗೂ ಅವಳ ಗಂಡನಿಗೂ ಕೊಟ್ಟೆ. ಶೇಷಗಿರಿಯವರು ಹಳದಿ ಗುಂಡಿಯ ಕೋಟಿನಲ್ಲಿ ಮುಳುಗಿಹೋಗಿ ಹಿಂದೆ ಕೂತಿದ್ದರು. ಮುಂದೆ ಚಂದ್ರಭಾಗಿ, "ನಾನು ಹೇಳಿದ ಕಡೆ ತಿರುಗಿಸಿದ್ರೆ ಸಾಕು, ನಿಮ್ಮ ಬುದ್ಧಿ ಉಪಯೋಗಿಸ್ಬೇಡಿ" ಎನ್ನುತ್ತಿದ್ದಳು. ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ, ದೋಣಿಯ ಹಿಂಬದಿಗೆ ಎರಡೂ ಅಂಗೈ ಊರಿದೆ, ಒಂದು ಅಲೆ ಬರುವವರೆಗೆ ಕಾದು, ಇದ್ದ ಬಲವನ್ನೆಲ್ಲ ಹಾಕಿ ತಳ್ಳಿದೆ.